ಜಗಲಿಯ ಕುಂಡಕ್ಕೆ ಸುರಿದ ನೀರು

ಮೊನ್ನೆ ಬ್ಯಾಂಕಿನಲ್ಲಿ ಸರದಿ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲೊಂದು ಗಿಡದ ಕುಂಡ, ಕೆಳಗಿನ ತಟ್ಟೆಯ ತುಂಬ ನೀರು, ಆ ನೀರಿನಿಂದ ಏಳುತ್ತಿದ್ದ ಹುಳಿಹುಳಿ ಕೊಳೆತ ವಾಸನೆ. ಯಾರೋ ಅಕ್ಕರೆಯಿಂದ ದಿನವೂ ಹೊಯ್ಯುತ್ತಿರಬೇಕು. ನನ್ನ ಟೋಕನ್ ಕರೆದದ್ದೂ ಕೇಳಿಸಲಿಲ್ಲ. ಯಲ್ಲಾಪುರದ ಆ ಬಾಡಿಗೆ ಮನೆಯ ಜಗಲಿಗೆ ಹೋಗಿ ಕುಳಿತುಬಿಟ್ಟಿದ್ದೆ. ಆ ಮನೆ ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ. ಮಲ್ಲಿಗೆಯ ಪರಿಮಳಕ್ಕೆ ತಾಯಿ ನೆನಪಾಗುವವರು ಪುಣ್ಯವಂತರು. ನನಗೆ ಕೊಳೆತ ಬೇರಿನ ವಾಸನೆಯೇ ಗತಿ, ಏನು ಮಾಡುವುದು!

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಸೊಸೈಟಿಯಲ್ಲಿ ಗುಮಾಸ್ತರು. ಹೆದ್ದಾರಿಯ ಪಕ್ಕದ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ಲಾರಿ ಹೋದಾಗಲೆಲ್ಲ ಗೋಡೆಯ ಹಲಗೆಯ ಮೇಲಿನ ಪಾತ್ರೆಗಳು ಗಿಲಕಿಯಂತೆ ಸದ್ದು ಮಾಡುತ್ತಿದ್ದವು. ಅಂಗಳವಿಲ್ಲದ ಆ ಮನೆಯಲ್ಲಿ ಅಮ್ಮನ ಪಾಲಿಗೆ ಇದ್ದದ್ದು ಜಗಲಿಯ ಮೂಲೆ, ಅದರ ಮೇಲಿನ ಒಂದು ಗಾಜಿನ ಹಂಚು, ಆ ಬೆಳಕಿನ ಕೆಳಗೆ ಕುಂಡದಲ್ಲಿ ಒಂದು ಆಂಥೂರಿಯಂ ಹೂಗಿಡ. ತವರುಮನೆ ಹೆಗಡೆಕಟ್ಟಾದಿಂದ ತಂದ ಮರಿ ಅದು. ಅದಕ್ಕೆ ನೀರುಣಿಸುವುದರಲ್ಲಿ ಅಮ್ಮನಿಗೆ ತನ್ನದೇ ಪಂಚಾಂಗವಿತ್ತು. ಶಿವರಾತ್ರಿ ಕಳೆದ ಮೇಲೆ ದಿನಾ ಬೆಳಿಗ್ಗೆ, ತಳದಿಂದ ಬಸಿದು ಬರುವಷ್ಟು. ಸಂಜೆ ಎಲೆಗಳಿಗೆ ಬರಿದೇ ಚಿಮುಕಿಸುವುದು. ದೀಪಾವಳಿಯ ನಂತರದ ಚಳಿಯಲ್ಲಿ ಹಂಚಿನ ಮೇಲೆ ಬಿಸಿಲು ಬೀಳುವತನಕ ಕಾದು, ತಣ್ಣೀರಿಗೆ ಚೂರು ಬಿಸಿನೀರು ಬೆರೆಸಿ, ಎರಡು ಮೂರು ದಿನಕ್ಕೊಮ್ಮೆ. ಮಳೆಗಾಲದಲ್ಲಿ ಬಹುತೇಕ ಇಲ್ಲವೇ ಇಲ್ಲ, ನಮ್ಮ ಬಟ್ಟೆಗಳೇ ವಾರಗಟ್ಟಲೆ ಒಣಗದ ಊರಲ್ಲಿ ಕುಂಡದ ಮಣ್ಣು ಒಣಗುವುದೆಂತು? ತಿಂಗಳಲ್ಲಿ ಮೂರು ದಿನ ಅಮ್ಮ ಹೊರಗೆ ಕೂರುವಾಗ ಗಿಡ ಮುಟ್ಟುವಂತಿರಲಿಲ್ಲ. ಆಗ ಬಾಗಿಲಾಚೆಯಿಂದ ನನಗೆ ಕಾರುಬಾರು: “ಕೂಸೇ, ಬೆರಳು ಹಾಕಿ ನೋಡು. ಮಣ್ಣು ಅಂಟಿದ್ರೆ ನೀರು ಹಾಕಡ.” ಗಿಡಕ್ಕೆ ಇಷ್ಟೆಲ್ಲ ಉಪಚಾರವೇ ಎಂದು ನನಗೆ ರೇಗುತ್ತಿತ್ತು. ಆದರೂ ಬೆರಳು ಹಾಕುತ್ತಿದ್ದೆ.

ಆಷಾಢದಲ್ಲಿ ಜ್ವರವೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದ ಅಮ್ಮ ಜೀವಸಹಿತ ತಿರುಗಿ ಬರಲಿಲ್ಲ. ನಾನು ಆರನೆಯ ಇಯತ್ತೆ. ಸುಡುಗಾಡಿನಿಂದ ಬಂದ ಅಪ್ಪ ಜಗಲಿಯಲ್ಲಿ ಕುಳಿತರು. ಆಂಥೂರಿಯಂನಲ್ಲಿ ಒಂದು ಮೊಗ್ಗು ಇನ್ನೂ ಸುರುಳಿ ಬಿಚ್ಚದೆ ನಿಂತಿತ್ತು. ಅದನ್ನು ಬಹಳ ಹೊತ್ತು ನೋಡಿ, “ಇದೊಂದು ಉಳ್ಕಳವು” ಎಂದರು. ಇದೊಂದು ಉಳಿಯಬೇಕು. ಆಮೇಲಿನ ದಿನಗಳಲ್ಲಿ ಅವರ ಬಾಯಿಂದ ಬಂದ ಪೂರ್ತಿ ಮಾತು ಅದೊಂದೇ. ಹಾಗಾಗಿ ಮನೆಯಲ್ಲಿದ್ದವರಿಗೆಲ್ಲ ಅದೇ ಅಪ್ಪಣೆಯಾಯಿತು.

ನಮ್ಮ ಕಡೆಯವರ ಸ್ವಭಾವ ನಿಮಗೆ ಗೊತ್ತಿರಬಹುದು. ಹೊಸಿಲು ದಾಟಿದವರಿಗೆ “ಆಸ್ರಿಗೆ ಎಂತ ಬೇಕು?” ಎಂದು ಕೇಳಿ, ಬೆಲ್ಲ-ನೀರೋ ಮಜ್ಜಿಗೆಯೋ ಕೈಗೆ ಕೊಡದಿದ್ದರೆ ನಮಗೆ ಜೀವಕ್ಕೇ ಸಮಾಧಾನವಿಲ್ಲ. ಸೂತಕದ ಮನೆಯಲ್ಲಾದರೆ ಬಂದವರು ಹನಿ ನೀರು ಮುಟ್ಟುವುದಿಲ್ಲ, ನಾವು ಕೇಳುವಂತೆಯೂ ಇಲ್ಲ. ಬಂದವರು ಗೋಡೆಗೊರಗಿ ಕೂರುತ್ತಿದ್ದರು. ಅಪ್ಪನೊಡನೆ ಏನು ಮಾತಾಡುವುದೆಂದು ಅವರಿಗೆ ತಿಳಿಯದು, ಕೈಗೆ ಕೆಲಸವಿಲ್ಲ. ಅಷ್ಟರಲ್ಲಿ ಗಿಡ ಕಣ್ಣಿಗೆ ಬೀಳುತ್ತಿತ್ತು. ಅಯ್ಯೋ ಪಾಪ, ನೋಡುವವರಿಲ್ಲದೆ ಬಡವಾಯಿತು ಎಂದು ಎದ್ದು ಒಂದು ಚೊಂಬು ಹೊಯ್ಯುತ್ತಿದ್ದರು. ಹೊರಡುವಾಗ ಮತ್ತೊಬ್ಬರು. ಅಡುಗೆಮನೆ ನೋಡಿಕೊಳ್ಳಲು ಮಂಚಿಕೇರಿಯಿಂದ ಬಂದಿದ್ದ ದೊಡ್ಡಮ್ಮ ಅಕ್ಕಿ ತೊಳೆದ ನೀರನ್ನೆಲ್ಲ ಅದಕ್ಕೇ ತಂದು ಸುರಿಯುತ್ತಿದ್ದಳು. ಮನುಷ್ಯರಿಗೆ ಕೊಡಲಾಗದ ಆಸ್ರಿಗೆಯೆಲ್ಲ ಆ ಕುಂಡಕ್ಕೆ ಹೋಯಿತು.

ನಾನು ದೊಡ್ಡಮ್ಮನ ಸೆರಗು ಹಿಡಿದು ಹೇಳಿದೆ: “ಅಮ್ಮ ಮಳೆಗಾಲದಲ್ಲಿ ನೀರು ಹಾಕ್ತಿತ್ತಿಲ್ಲೆ.” ಅವಳು ಚೊಂಬು ಕೆಳಗಿಟ್ಟು ನನ್ನನ್ನು ಎದೆಗೊತ್ತಿಕೊಂಡಳು. “ಕೂಸಿಗೆ ಅಮ್ಮನ ನೆನಪಾತು, ಅತ್ತುಬಿಡು ತಂಗಿ, ಅತ್ತುಬಿಡು” ಎಂದು ತಾನೇ ಅತ್ತಳು. ನನಗೆ ಅಳು ಬರಲಿಲ್ಲ. ಅತ್ತು ಮುಗಿಸಿ ಮೂಗೊರೆಸಿಕೊಂಡು ಅವಳು ಚೊಂಬಿನಲ್ಲಿ ಉಳಿದದ್ದನ್ನೂ ಹೊಯ್ದಳು. ಎಲೆಗಳು ಜೋಲತೊಡಗಿದವು. ನೀರು ಹೆಚ್ಚಾದ ಗಿಡ ನೀರಿಲ್ಲದ ಗಿಡದ ಹಾಗೆಯೇ ಬಾಡುತ್ತದೆ, ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಪಕ್ಕದ ಮನೆಯ ಗಿರಿಜಕ್ಕ ಕಿರವತ್ತಿ ಕಡೆಯವಳು, ಜೋರು ಬಾಯಿ, ಕರುಳು ಮೆತ್ತಗೆ. “ಎವ್ವಾ, ಹೆಂಗ ಒಣಗೇತಿ ನೋಡ್ರಿ! ಗಿಡಕ್ಕೂ ದುಃಖ ಆಗತೈತ್ರಿ” ಎಂದು ತಮ್ಮ ಮನೆಯಿಂದಲೇ ಬಕೆಟ್ ಹೊತ್ತು ತಂದಳು. ಯಾರನ್ನು ಬೈಯಲಿ? ಅಷ್ಟು ಪ್ರೀತಿಯನ್ನು ಆ ಜಗಲಿ ಹಿಂದೆಂದೂ ಕಂಡಿರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರು ಹೋದರು. ದೊಡ್ಡಮ್ಮನೂ ಬಸ್ಸು ಹತ್ತಿದಳು. ಅಪ್ಪ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಬಾಗಿದ ಗಿಡವನ್ನು ನೆಟ್ಟಗೆ ನಿಲ್ಲಿಸಲು ಹೋದರು. ಅದು ಹಾಗೇ ಕೈಗೆ ಬಂತು. ಬೇರುಗಳೆಲ್ಲ ಕರಗಿ ಲೋಳೆಯಾಗಿದ್ದವು. ಆಗ ಎದ್ದ ವಾಸನೆಯೇ ಮೊನ್ನೆ ಬ್ಯಾಂಕಿನಲ್ಲಿ ನನ್ನ ಮೂಗಿಗೆ ಬಡಿದದ್ದು.

“ಅಮ್ಮ ಇದ್ಕೆ ಎಷ್ಟು ನೀರು ಹಾಕ್ತಿತ್ತು?” ಎಂದು ಕೇಳಿದರು.

“ಮಳೆಗಾಲದಲ್ಲಿ ಹಾಕ್ತಿತ್ತೇ ಇಲ್ಲೆ.”

ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರುತ್ತಾರೆಂದುಕೊಂಡೆ. ಗದರಲಿಲ್ಲ. ಗಿಡವನ್ನು ತೊಡೆಯ ಮೇಲಿಟ್ಟುಕೊಂಡು, ಪರವೂರಿನಲ್ಲಿ ದಾರಿ ಕೇಳುವವರ ದನಿಯಲ್ಲಿ, “ಮತ್ತೆಂತ ಮಾಡ್ತಿತ್ತು?” ಎಂದರು.

“ಮಧ್ಯಾಹ್ನ ಊಟ ಇಲ್ಲೇ ಮಾಡ್ತಿತ್ತು. ಬಟ್ಟಲು ತಗಂಡು ಬಂದು, ಇದ್ರ ಹತ್ರ ಕೂತ್ಕಂಡು. ಇದ್ಕೆ ಮಾತೂ ಹೇಳ್ತಿತ್ತು.”

“ಎಂತ ಹೇಳ್ತಿತ್ತು?”

“ಎಂಥದ್ದೋ. ಇವತ್ತು ಸಾರು ಉಪ್ಪಾತು, ಸೊಂಟ ನೋವ್ತು, ಅಂಥದ್ದು.”

“ದಿನಾನುವಾ?”

“ರಜೆಯಲ್ಲಿ ಆನು ಮನೇಲಿದ್ದಾಗೆಲ್ಲ ನೋಡಿದ್ದೆ.”

ಅಪ್ಪ ಗಿಡದ ಕಡೆ ನೋಡಿದರು. “ಎಂಗೆ ಒಂದಿನಾನೂ ಹೇಳಿದ್ದಿಲ್ಲೆ” ಎಂದರು. ತನಗೆ ಒಂದು ದಿನವೂ ಹೇಳಲಿಲ್ಲ ಎಂದು. ಆಮೇಲೆ, ಇಷ್ಟು ದಿನ ಕಣ್ಣಿಂದ ಒಂದು ಹನಿ ಹಾಕದಿದ್ದ ಮನುಷ್ಯ, ಕೆಸರು ಕೈಗಳನ್ನೇ ಮುಖಕ್ಕೆ ಒತ್ತಿಕೊಂಡು ದೊಡ್ಡ ದನಿ ತೆಗೆದು ಅತ್ತುಬಿಟ್ಟರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ನನಗೆ ಆಗಲೂ ಬರಲಿಲ್ಲ. ಅಪ್ಪನಿಗಾದರೂ ಬಂತಲ್ಲ ಎಂದುಕೊಂಡೆ.