ಮೊರದಲ್ಲಿ ಆರಿಸಿದ ಛರ್ರಾಗಳು

ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಐದಕ್ಕೆ ಏಳುವುದು, ಐದೂವರೆಗೆ ಮೈದಾನ, ಏಳಕ್ಕೆ ಸ್ನಾನ. ಹೆಂಡತಿ ಸತ್ತ ಮರುದಿನವೂ ಇದು ತಪ್ಪಲಿಲ್ಲ. ಹೆಮ್ಮೆಗಾಗಿ ಬರೆಯುತ್ತಿಲ್ಲ. ಬೇರೇನು ಮಾಡಬೇಕೆಂದು ಆಗ ತಿಳಿಯಲಿಲ್ಲ, ಅಷ್ಟೆ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ದೇವದುರ್ಗದ ಹತ್ತಿರದ ಒಂದು ಕಲ್ಲುಗುಡ್ಡದಲ್ಲಿ ವರ್ಷಕ್ಕೊಮ್ಮೆ, ಸಂಕ್ರಾಂತಿಯ ನಂತರದ ಭಾನುವಾರ, ಛರ್ರಾ ಬಂದೂಕಿನ ಪಂದ್ಯ ನಡೆಯುತ್ತಿತ್ತು. ಛರ್ರಾ ಬಂದೂಕಿಗೆ ಮದ್ದು ಬೇಡ. ನಳಿಗೆಯನ್ನು ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಅದುಮಿ ಕೂರುತ್ತದೆ. ಕುದುರೆ ಎಳೆದರೆ ಆ ಸ್ಪ್ರಿಂಗ್ ಗಾಳಿಯನ್ನು ನೂಕಿ ಛರ್ರಾವನ್ನು, ಅಂದರೆ ಕಡಲೆಗಿಂತ ಸಣ್ಣ ಸೀಸದ ಗುಂಡನ್ನು, ಹಾರಿಸುತ್ತದೆ. ಕಾಲುವೆ ಇಲಾಖೆಯ ಒಬ್ಬ ಎಂಜಿನಿಯರು ಯಾವುದೋ ಪರದೇಶದ ಪತ್ರಿಕೆಯಲ್ಲಿ ಈ ಆಟದ ಚಿತ್ರ ನೋಡಿ, ಕಮ್ಮಾರನಿಂದ ತಗಡಿನ ಕಾಗೆ, ಪಾರಿವಾಳ ಮಾಡಿಸಿದ್ದರು. ಎದೆಯಲ್ಲಿ ಎಂಟಾಣೆ ನಾಣ್ಯದಷ್ಟು ತೂತು. ಛರ್ರಾ ತೂತಿನೊಳಗೆ ಹೋಗಿ ಹಿಂದಿನ ಬಿಲ್ಲೆಗೆ ಬಡಿದರೆ ಹಕ್ಕಿ ಮಲಗುತ್ತದೆ. ಸುತ್ತಲಿನ ತಗಡಿಗೆ ತಾಗಿದರೆ ಟಣ್ ಎನ್ನುತ್ತದೆ, ಮಲಗುವುದಿಲ್ಲ. ದೂರ ಎಷ್ಟೆಂದು ಯಾರೂ ಹೇಳುವುದಿಲ್ಲ, ಕಣ್ಣಳತೆಯೇ ಗತಿ. ಇಪ್ಪತ್ತು ಹಕ್ಕಿ, ಇಪ್ಪತ್ತು ಛರ್ರಾ. ಹಿತ್ತಾಳೆಯ ಢಾಲು ಗೆದ್ದವನ ಮನೆಯಲ್ಲಿ ಒಂದು ವರ್ಷ ಇರುತ್ತಿತ್ತು, ಮೂರು ಸಲ ಗೆದ್ದವನಿಗೆ ಕಾಯಮ್ಮಾಗಿ ಸಿಗುತ್ತಿತ್ತು. ನಾನು ಎರಡು ಸಲ ಗೆದ್ದಿದ್ದೆ.

ಗೆದ್ದವನು ನಾನು ಎನ್ನುವುದು ಪೂರ್ತಿ ನಿಜವಲ್ಲ. ಅಂಗಡಿಯ ಛರ್ರಾಗಳು ಎಲ್ಲವೂ ಸಮ ಇರುವುದಿಲ್ಲ. ಅದರ ಹಿಂಭಾಗ ಲಂಗದಂತೆ ಅಗಲ. ಅಲ್ಲಿ ಸ್ವಲ್ಪ ಸೊಟ್ಟಗಾದರೂ ಗಾಳಿ ಸೋರಿ, ಛರ್ರಾ ನಿಧಾನವಾಗಿ ಹೋಗಿ ಕೆಳಗೆ ಬೀಳುತ್ತದೆ. ಹೆಂಡತಿ ಡಬ್ಬಿಯನ್ನು ಮೊರಕ್ಕೆ ಸುರುವಿಕೊಂಡು, ಅಕ್ಕಿಯಲ್ಲಿ ಹರಳು ಆರಿಸುವ ಹಾಗೆ ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ ನೋಡುತ್ತಿದ್ದಳು.

“ಈಕಿ ಲಂಗ ಸೊಟ್ಟ ಅದ ನೋಡ್ರಿ. ಈಕಿ ಪಂದ್ಯಕ್ಕ ಬರಂಗಿಲ್ಲ, ಮನ್ಯಾಗ ಇರ್ಲಿ.”

“ಅವೇನು ಹೆಂಗಸರೇನು?”

“ಲಂಗ ತೊಟ್ಟಾವಂದ್ರ ಮತ್ತೇನು? ನಿಮ್ಮ ಸಾಲ್ಯಾಗಿನ ಹುಡುಗರೇನು, ಸೀಟಿ ಊದಿ ಸಾಲಾಗಿ ನಿಲ್ಸಾಕ?”

ಆರಿಸಿದ ಇಪ್ಪತ್ತನ್ನು ಸಣ್ಣ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಡುತ್ತಿದ್ದಳು, ಒಂದಕ್ಕೊಂದು ಬಡಿಯಬಾರದೆಂದು. ಪಂದ್ಯಕ್ಕೆ ಮುಂಚೆ, ಗುರಿಯನ್ನು ಮೇಲೆ ಕೆಳಗೆ ಮಾಡುವ ತಿರುಪು ತಿರುಗಿಸಿ ಬಂದೂಕಿನ ಅಳತೆ ಸರಿಮಾಡಲು ನಾನು ಮೂರು ಹೊಡೆತ ಹೊಡೆಯುತ್ತಿದ್ದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ ಮೂರು ಛರ್ರಾಗಳನ್ನು ಹೊರಡುವಾಗ ಬಾಗಿಲಲ್ಲಿ ನನ್ನ ಕೈಗೆ ಹಾಕುತ್ತಿದ್ದಳು. ಎಲ್ಲಿಂದ ತೆಗೆದುಕೊಡುತ್ತಾಳೆಂದು ನಾನು ಕೇಳಿದವನಲ್ಲ.

ಮೂರನೆಯ ಪಂದ್ಯದ ವರ್ಷ ಆಕೆಗೆ ಕಾಮಾಲೆ ಆಯಿತು. ರಾಯಚೂರಿನ ಆಸ್ಪತ್ರೆಗೆ ಒಯ್ಯುವ ಮುನ್ನ ಮಾಡದಲ್ಲಿದ್ದ ಚಿಮಣಿ ದೀಪವನ್ನು ತೆಗೆದು ನೆಲಕ್ಕಿಟ್ಟು, ಗೋಡೆಯ ಆ ಗೂಡನ್ನು ಸೆರಗಿನಿಂದ ಒರೆಸಿದ್ದಳು.

“ಈ ಸಲ ಢಾಲು ಕಾಯಂ ಬರ್ತದ, ಇಲ್ಲಿ ಇಡೋಣ್ರಿ. ಛರ್ರಾ ಎಲ್ಲಾ ಆರ್ಸಿಟ್ಟೀನಿ. ನಾ ಬರೂತನಕ ಡಬ್ಬಿ ಕೆದರಬ್ಯಾಡ್ರಿ.”

ಬರಲಿಲ್ಲ. ಹನ್ನೊಂದು ದಿನ ಆಸ್ಪತ್ರೆಯ ವರಾಂಡದಲ್ಲಿ ಕೂತೆ, ಹನ್ನೆರಡನೆಯ ದಿನ ಬಾಡಿಗೆ ಜೀಪಿನಲ್ಲಿ ಆಕೆಯ ದೇಹ ತಂದೆ. ತಿಂಗಳಾದ ಮೇಲೆ ಪಂದ್ಯ ಬಂತು. ಗೂಡು ಖಾಲಿ ಇತ್ತು. ಹೋಗಲೇಬೇಕೆನಿಸಿತು.

ಸಿರವಾರದ ಬಸ್ಸಿನಲ್ಲಿ ಡಬ್ಬಿ ತೆರೆದು ಎಣಿಸಿದೆ. ಸರಿಯಾಗಿ ಇಪ್ಪತ್ತು. ಬಾಗಿಲಲ್ಲಿ ಮೂರು ಕೊಡುವವರು ಯಾರೂ ಇರಲಿಲ್ಲ. ಆಕೆ ಬೇಡವೆಂದು ತೆಗೆದಿದ್ದ ಸೊಟ್ಟ ಛರ್ರಾಗಳು ಜೇಬಿನಲ್ಲಿದ್ದವು. ಗುಡ್ಡದಲ್ಲಿ ಅವುಗಳಲ್ಲೇ ಮೂರನ್ನು ಹೊಡೆದೆ. ಕೆಳಗೆ ಬಿದ್ದವು. ಗುರಿಯ ಅಳತೆಯನ್ನು ಎರಡು ತಿರುವು ಮೇಲಕ್ಕೆ ಏರಿಸಿದೆ. ಸೊಟ್ಟ ಛರ್ರಾ ನೋಡಿ ಅಳತೆ ಬದಲಿಸುವುದು ಮೂವತ್ತು ವರ್ಷ ಬಂದೂಕು ಹಿಡಿದವನು ಮಾಡುವ ಕೆಲಸವಲ್ಲ. ಮಾಡಿದೆ.

ಮೊದಲ ಹಕ್ಕಿ, ಟಣ್. ಎರಡನೆಯದು, ಟಣ್. ಮೂರನೆಯದೂ ಹಾಗೇ. ನನ್ನ ಪಕ್ಕದಲ್ಲಿ ರಾಯಚೂರಿನ ಗಡಿಯಾರ ರಿಪೇರಿಯವನು ಇದ್ದ. ನಮ್ಮೆಲ್ಲರ ಬಂದೂಕಿನ ಸ್ಪ್ರಿಂಗ್ ಬದಲಿಸುವವನೂ ಅವನೇ, ಪ್ರತಿ ವರ್ಷ ನನ್ನ ಎದುರಾಳಿಯೂ ಅವನೇ.

“ಅರೇ ಮಾಸ್ತರ್, ನಿಮ್ಮ ಛರ್ರಾ ಮ್ಯಾಲ ಹೊಂಟಾವ. ಹಕ್ಕಿ ತಲಿಗೆ ಬಡಿಯಾಕತ್ತಾವ.”

“ನೀ ಸುಮ್ನಿರು ಭಾಯಿ. ನೀ ನನ್ನ ಎದುರಾಳಿ.”

“ಎದುರಾಳಿ ಇದ್ರ ಕಣ್ಣು ಮುಚ್ಚಿ ಕೂಡ್ಲೇನು? ಇಳಸ್ರಿ ಅದನ್ನ.”

ಪಂದ್ಯದ ನಡುವೆ ಅಳತೆ ಮುಟ್ಟಬಾರದು ಎಂಬುದು ನನ್ನ ನಿಯಮ. ನಾಲ್ಕನೆಯದೂ ಟಣ್ ಎಂದಿತು. ಆಗ ಎರಡು ತಿರುವು ಇಳಿಸಿದೆ. ಅಲ್ಲಿಂದ ಮುಂದಿನ ಹದಿನಾರರಲ್ಲಿ ಹದಿನೈದು ಹಕ್ಕಿ ಮಲಗಿದವು. ಅವನವು ಇಪ್ಪತ್ತರಲ್ಲಿ ಹದಿನಾರು ಮಲಗಿದ್ದವು.

ಢಾಲು ಕೈಗೆ ಬಂದ ಮೇಲೆ ಅವನು ಅದನ್ನು ಹಿಡಿದುಕೊಂಡು ಬಸ್ಸಿನ ತನಕ ಬಂದ.

“ಒಯ್ರಿ ಮಾಸ್ತರ್. ಭಾಭೀ ಜಾಗಾ ಮಾಡಿಟ್ಟಾರಂತ ನೀವ ಅಂದಿದ್ರಿ.”

“ಗೆದ್ದವರ ಮನಿಗೆ ಹೋಗ್ಬೇಕು ಅದು.”

“ಏನ್ ಮನಷ್ಯಾರೀ ನೀವು,” ಎಂದ. ಬಸ್ಸು ಹೊರಟಿತು.

ಮನೆಗೆ ಬಂದು ದಿನದ ಪದ್ಧತಿಯಂತೆ ಬಂದೂಕು ಒರೆಸಿ ಗೋಡೆಗೆ ತೂಗುಹಾಕಿದೆ. ಡಬ್ಬಿ ತೊಳೆಯಲೆಂದು ಒಳಗಿನ ಹತ್ತಿ ಎತ್ತಿದೆ. ಅಡಿಯಲ್ಲಿ ಕ್ಯಾಲೆಂಡರಿನ ಹಾಳೆ ಹರಿದು ಮಾಡಿದ ಸಣ್ಣ ಪೊಟ್ಟಣವಿತ್ತು. ಬಿಚ್ಚಿದೆ. ಮೂರು ಛರ್ರಾ. ಲಂಗ ಒಂದರದೂ ಸೊಟ್ಟ ಇರಲಿಲ್ಲ.

ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕೂತೆ. ಬರಲಿಲ್ಲ. ಪೊಟ್ಟಣವನ್ನು ಮೊದಲಿದ್ದಂತೆ ಮಡಚಿ ಡಬ್ಬಿಯ ಅಡಿಯಲ್ಲಿಟ್ಟು, ಮೇಲೆ ಹತ್ತಿ ಹಾಸಿದೆ. ಕತ್ತಲಾಗುತ್ತಿತ್ತು. ನೆಲದ ಮೇಲಿದ್ದ ಚಿಮಣಿಯನ್ನು ಹಚ್ಚಿ ಮಾಡದಲ್ಲಿ ಇಟ್ಟೆ. ಆಮೇಲೆ ಅನ್ನಕ್ಕೆ ಅಕ್ಕಿ ಆರಿಸಲು ಮೊರ ತೆಗೆದುಕೊಂಡೆ.