ಮುಚ್ಚಳದ ಒಳಬದಿಯ ಕುಂಕುಮ

ನಾನು ಕೆಲಸ ಮಾಡುವ ಶೆಡ್ಡು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಒಂದು ಪ್ಲೇಟಿಂಗ್ ಘಟಕಕ್ಕೂ ಬೇಕರಿ ಟ್ರೇ ಮಾಡುವ ಅಂಗಡಿಗೂ ನಡುವೆ ಇದೆ. ಇಲ್ಲಿ ತಯಾರಾಗುವ ಪೆಟ್ಟಿಗೆಗಳು ಗಣಿಗಳ ಒಳಗೆ ಹೋಗುತ್ತವೆ. ಕಲ್ಲನ್ನು ಹಾಯ್ದು ರೇಡಿಯೊ ಮಾತು ಹೋಗುವುದಿಲ್ಲ. ಅದಕ್ಕಾಗಿ ಸುರಂಗದ ಉದ್ದಕ್ಕೂ ಒಂದು ಕೇಬಲ್ ಎಳೆದಿರುತ್ತಾರೆ. ಅದರ ಮೈಯಿಂದ ಸಿಗ್ನಲ್ ಸೋರುವಂತೆ ಬೇಕೆಂದೇ ಮಾಡಿರುತ್ತಾರೆ. ಹತ್ತಿರ ಇರುವ ವಾಕಿಟಾಕಿಗಳು ಅದನ್ನು ಹಿಡಿಯುತ್ತವೆ. ದೂರ ಹೋದಷ್ಟೂ ಸಿಗ್ನಲ್ ಬಳಲುತ್ತದೆ. ಅಲ್ಲಲ್ಲಿ ಅದಕ್ಕೆ ಬಲ ತುಂಬಿ ಮುಂದಕ್ಕೆ ಕಳಿಸುವುದು ನಮ್ಮ ಪೆಟ್ಟಿಗೆಯ ಕೆಲಸ. ಒಂದು ಪೆಟ್ಟಿಗೆ ಕೆಟ್ಟರೆ ಅದರಿಂದಾಚೆ ಇರುವವರ ಮಾತು ಮೇಲಿನವರಿಗೆ ಕೇಳುವುದಿಲ್ಲ.

ಪೆಟ್ಟಿಗೆ ಕೆಡುವುದು ಹೆಚ್ಚಾಗಿ ನೀರಿನಿಂದ. ಮುಚ್ಚಳದ ಸುತ್ತ ಒಂದು ರಬ್ಬರ್ ಪಟ್ಟಿ, ಹನ್ನೆರಡು ಬೋಲ್ಟು. ಬಿಗಿ ಎಷ್ಟೆಂದು ತೋರಿಸುವ ಅಳತೆಯ ಸ್ಪ್ಯಾನರಿನಿಂದ ಎಲ್ಲವನ್ನೂ ಒಂದೇ ಬಿಗಿಗೆ ತಿರುಗಿಸಬೇಕು. ಆಮೇಲೆ ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ಹತ್ತು ನಿಮಿಷ ನೋಡಬೇಕು. ನೋಡುವವಳು ನಾನು. ಏಳದಿದ್ದರೆ ಟೆಸ್ಟ್ ಶೀಟಿಗೆ ಸಹಿ ಹಾಕುತ್ತೇನೆ. ಎಂ.ಟೆಕ್. ಓದಿದ್ದು ಇದಕ್ಕೇನಾ ಎಂದು ನೆಂಟರು ಕೇಳುತ್ತಾರೆ. ಹೌದು ಅನ್ನುತ್ತೇನೆ.

ಪೆಟ್ಟಿಗೆ ಜೋಡಿಸುವ ಹಿರಿಯರು ಹೇರೋಹಳ್ಳಿಯವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಈಗ ಸೈಟುಗಳಾಗಿದೆ. ಅದರಲ್ಲೊಂದರಲ್ಲಿ ಅವರ ಮನೆ. ಶೆಡ್ಡಿನಲ್ಲಿ ನನ್ನನ್ನು 'ಏನಮ್ಮಾ' ಎಂದು ಮಾತನಾಡಿಸುವವರು ಅವರೊಬ್ಬರೇ. ಉಳಿದವರಿಗೆ ನಾನು ಮೇಡಂ. "ಏನಮ್ಮಾ, ಮಾತಾಡೋಕೂ ಟೆಸ್ಟ್ ಶೀಟ್ ಬೇಕಾ ನಿಂಗೆ?" ಎಂದು ರೇಗಿಸುತ್ತಿದ್ದರು. ನಾನು ನಗುತ್ತಿದ್ದೆ. ಅದೇ ಉತ್ತರವಾಗುತ್ತಿತ್ತು.

ಅವರದೊಂದು ಪದ್ಧತಿ ಇತ್ತು. ಪ್ರತಿ ಪೆಟ್ಟಿಗೆಯ ಮುಚ್ಚಳ ಹಾಕುವ ಮುನ್ನ ಅದರ ಒಳಬದಿಗೆ ಉಂಗುರದ ಬೆರಳಿನಿಂದ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದರು. ಹೊರಗೆ ಯಾಕಿಡುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ನಮ್ಮಪ್ಪ ನೇಗಿಲಿಗೂ ಮಣ್ಣೊಳಗೆ ಹೋಗೋ ಕಡೇನೇ ಇಡೋರು ಕಣಮ್ಮಾ. ಕಾಣೋ ಕಡೆ ಇಟ್ರೆ ಅದು ಅಲಂಕಾರ," ಅಂದಿದ್ದರು. ಬೊಟ್ಟಿನಿಂದ ಸರ್ಕ್ಯೂಟಿಗೆ ತೊಂದರೆಯಿಲ್ಲ. ನಾನು ಅದನ್ನು ಪರೀಕ್ಷಿಸಿಯೇ ಸುಮ್ಮನಾಗಿದ್ದೆ.

ಕಳೆದ ದಸರೆಗೆ ಮುಂಚೆ ಉತ್ತರದ ಕಡೆಯ ಒಂದು ಗಣಿಗೆ ಎಂಟು ಪೆಟ್ಟಿಗೆ ಹೋಗಬೇಕಿತ್ತು. ಜೋಡಣೆ ಮುಗಿಯುವ ಹೊತ್ತಿಗೆ ಹಿರಿಯರು ತಂಗಿಯ ಮಗಳ ಮದುವೆಗೆಂದು ರಜೆಯಲ್ಲಿದ್ದರು. ಮುಚ್ಚಳಗಳನ್ನು ಬೇರೆಯವರು ಹಾಕಿದರು. ನಾನು ಎಂಟನ್ನೂ ಮುಳುಗಿಸಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಎಂಟು ಸಹಿ ಹಾಕಿದೆ.

ಮರುದಿನ ಆಯುಧಪೂಜೆ. ಸಲಕರಣೆಗಳನ್ನೆಲ್ಲ ಒರೆಸಿ ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ್ದರು. ಅಳತೆಯ ಸ್ಪ್ಯಾನರಿಗೆ ಮೂರು ಪಟ್ಟೆ ವಿಭೂತಿ, ಒಂದು ಚೆಂಡುಹೂವು. ನೀರಿನ ತೊಟ್ಟಿಯನ್ನೂ ಖಾಲಿ ಮಾಡಿ, ತೊಳೆದು, ಅದರ ಮುಂದೆ ರಂಗೋಲಿ ಹಾಕಿದ್ದರು. ಪೂಜೆಗಿಟ್ಟ ಸಲಕರಣೆಯನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ಮಾಲೀಕರು ಬಾಗಿಲಲ್ಲಿ ಬೂದುಗುಂಬಳಕಾಯಿ ಹಿಡಿದು ನಿಂತು, "ರಸ್ತೆ ಮಧ್ಯ ಹೊಡೀಬೇಡ್ರಪ್ಪಾ, ಹೋದ ಸಲ ಸ್ಕೂಟರ್ನೋನು ಜಾರಿ ಬಿದ್ದು ನನ್ನ ವಂಶಾನೇ ಬೈದ," ಎನ್ನುತ್ತಿದ್ದರು.

ಟೆಸ್ಟ್ ರೂಮಿನ ಗಾಜಿನಿಂದ ನನಗೆ ಹಿಂದಿನ ಮೂಲೆ ಕಾಣುತ್ತದೆ. ಮದುವೆಯಿಂದ ಬಂದಿದ್ದ ಹಿರಿಯರು ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಮ್ಮ ಸ್ಕೂಟರಿನ ಡಿಕ್ಕಿಯಿಂದ ತಂದ ಸ್ಪ್ಯಾನರಿನಿಂದ ಒಂದು ಪೆಟ್ಟಿಗೆಯ ಬೋಲ್ಟುಗಳನ್ನು ಬಿಚ್ಚುತ್ತಿದ್ದರು. ಮುಚ್ಚಳ ತೆಗೆದು, ಬೊಟ್ಟಿಟ್ಟು, ಮತ್ತೆ ಹಾಕಿ, ಕೈಯಂದಾಜಿನಲ್ಲಿ ಬಿಗಿ ಮಾಡಿದರು. ಆಮೇಲೆ ಎರಡನೆಯದು. ಎಂಟೂ ಆಗುವ ತನಕ ನಾನು ನೋಡಿದೆ. ಬಿಚ್ಚಿದ ಮೇಲೆ ನನ್ನ ಸಹಿಗೆ ಬೆಲೆಯಿಲ್ಲವೆಂದು ನನಗೆ ಗೊತ್ತಿತ್ತು. ನಾಳಿದ್ದು ಅವರೇ ಅಳತೆಯ ಸ್ಪ್ಯಾನರ್ ಹಿಡಿಯುತ್ತಾರೆ ಅಂದುಕೊಂಡೆ. ಹಬ್ಬದ ದಿನ, ಹಿರಿಯರು, ಹೇಳುವುದು ಹೇಗೆ ಎಂದೂ ಅಂದುಕೊಂಡೆ. ಪುರಿ, ಕಡಲೆ, ಬಾಳೆಹಣ್ಣಿನ ಪೊಟ್ಟಣ ತೆಗೆದುಕೊಂಡು ಚಂದ್ರಾ ಲೇಔಟಿನ ಮನೆಗೆ ಹೋದೆ.

ವಿಜಯದಶಮಿಯ ರಜೆ ಕಳೆದು ಬಂದಾಗ ಪೆಟ್ಟಿಗೆಗಳು ಆಗಲೇ ರಟ್ಟಿನ ಡಬ್ಬಗಳೊಳಗೆ ಇದ್ದವು. ಲಾರಿ ಗೇಟಿನಲ್ಲಿತ್ತು. ಅಳತೆಯ ಸ್ಪ್ಯಾನರಿನಿಂದ ಬಿಗಿ ಮಾಡಿದಿರಾ ಎಂದು ಹಿರಿಯರನ್ನು ಕೇಳಬಹುದಿತ್ತು. ಕೇಳಲಿಲ್ಲ.

ಆರು ವಾರದ ನಂತರ ಗಣಿಯ ಸಂಪರ್ಕ ವಿಭಾಗದ ಮೇಲ್ವಿಚಾರಕರು ಫೋನ್ ಮಾಡಿದರು. "ಮೇಡಂನೋರ, ನಿಮ್ಮ ಮೂರನೇ ನಂಬರ್ ಡಬ್ಬಿಯೊಳಗ ನೀರು ತುಂಬೇತ್ರಿ. ಮೀನಾ ಸಾಕಬಹುದು." ಪೆಟ್ಟಿಗೆಯಿಂದಾಚೆ ಹನ್ನೊಂದು ಜನ ಇದ್ದರಂತೆ. ಕರೆದರೆ ಉತ್ತರವಿಲ್ಲ. ಅಂದು ಬಂಡೆ ಸಿಡಿಸುವುದನ್ನು ನಿಲ್ಲಿಸಿ, ಒಬ್ಬರು ನಡೆದೇ ಕೆಳಗಿಳಿದು ಎಲ್ಲರನ್ನೂ ಕರೆತಂದರಂತೆ. ಯಾರಿಗೂ ಏನೂ ಆಗಿರಲಿಲ್ಲ. "ಡಬ್ಬಿ ಬಿಚ್ಚಿದ್ರ ಕೆಂಪ ನೀರು ಸುರೀತ್ರಿ. ನಮ್ಮ ಹುಡುಗರು ಗಾಬರಿ ಬಿದ್ರು. ಆಮ್ಯಾಲ ನೋಡಿದ್ರ ಕುಂಕುಮ."

"ಉಳಿದ ಏಳು?" ಎಂದು ಕೇಳಿದೆ.

"ನೆಟ್ಟಗ ಅದಾವ್ರಿ. ಸದ್ಯಕ್ಕ."

ಮಾಲೀಕರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದಾರೀಲಿ ಪೆಟ್ಟು ಬಿದ್ದಿರತ್ತೆ. ಹಾಗೇ ರಿಪೋರ್ಟ್ ಬರೆದು ಕಳಿಸಿ, ಒಂದು ಹೊಸ ಪೆಟ್ಟಿಗೆ ಕೊಡೋಣ. ಲಾರಿಯವನೇನು ನಮ್ಮ ರಿಪೋರ್ಟ್ ಓದ್ತಾನಾ?" ಅವರಿಗೆ ಬೇರೇನೂ ತಿಳಿದಿರಲಿಲ್ಲ. ನಾನು ಹಾಗೆ ಬರೆದರೆ ಉಳಿದ ಏಳನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ನಿಜ ಬರೆದರೆ ಹಿರಿಯರ ಹೆಸರೂ ನನ್ನ ಹೆಸರೂ ಒಂದೇ ಪುಟದಲ್ಲಿರುತ್ತವೆ. ಅವರಿಗೆ ತಿಳಿಸದೆ ಅವರ ಹೆಸರನ್ನು ರಿಪೋರ್ಟಿನಲ್ಲಿ ಕಳಿಸುವುದು ಸರಿಯೆನಿಸಲಿಲ್ಲ.

ಹಿರಿಯರು ಊಟದ ಡಬ್ಬಿಯಿಂದ ಮುದ್ದೆ ಮುರಿಯುತ್ತಿದ್ದರು. ಎದುರಿಗೆ ನಿಂತು ಹೇಳಿದೆ: ಮೂರನೇ ಪೆಟ್ಟಿಗೆಗೆ ನೀರು ಹೋಗಿದೆ, ಪೂಜೆಯ ದಿನ ನೀವು ಎಂಟನ್ನೂ ಬಿಚ್ಚಿದ್ದನ್ನು ನೋಡಿದ್ದೆ, ಅದನ್ನು ಬರೆಯುತ್ತೇನೆ.

ಅವರ ಕೈ ಸಾರಿನ ಬಟ್ಟಲಲ್ಲೇ ನಿಂತಿತು. "ಜನ?"

"ಎಲ್ಲರೂ ಮೇಲೆ ಬಂದಿದ್ದಾರೆ."

ಅವರು ಉಸಿರು ಬಿಟ್ಟರು. "ಕಳಿಸೋ ಮುಂಚೆ ನೀನು ಹೇಗೂ ಇನ್ನೊಂದ್ಸಲ ಮುಳುಗಿಸ್ತೀಯ, ಸರಿಯಿಲ್ಲ ಅಂದ್ರೆ ಹೇಳ್ತೀಯ ಅಂತ ನಾನಿದ್ದೆ." ಆಮೇಲೆ ಟೆಸ್ಟ್ ರೂಮಿನ ಗಾಜಿನ ಕಡೆ ನೋಡಿ, "ನೋಡ್ತಾ ಇದ್ಯಾ ಅಲ್ಲಿಂದ?" ಅಂದರು.

"ಹೌದು."

"ಎಂಟೂ?"

"ಎಂಟೂ."

"ಆವತ್ತೇ ಒಂದು ಮಾತು ಅನ್ಬಾರ್ದಿತ್ತೇನಮ್ಮಾ? ನನ್ನ ಮೇಲೆ ಬರೆಯೋದಕ್ಕಲ್ಲ ನಾನು ಹೇಳ್ತಿರೋದು. ಕೂಗಿದ್ರೆ ಕೇಳ್ತಿತ್ತಲ್ಲ. ಗಾಜು ತಾನೇ ಇದ್ದಿದ್ದು."

ನಾನು ಟೆಸ್ಟ್ ರೂಮಿಗೆ ಹೋಗಿ ಕೂತೆ. ರಿಪೋರ್ಟಿನಲ್ಲಿ ಬರೆದೆ: ಪರೀಕ್ಷೆಯ ನಂತರ ಎಂಟೂ ಮುಚ್ಚಳಗಳನ್ನು ಬಿಚ್ಚಿ ಹಾಕಲಾಗಿದೆ, ಮರುಪರೀಕ್ಷೆ ಆಗಿಲ್ಲ, ಇದು ಸಹಿ ಹಾಕಿದವಳಿಗೆ ಗೊತ್ತಿತ್ತು, ಉಳಿದ ಏಳನ್ನೂ ಕೂಡಲೇ ಇಳಿಸಿ ಬಿಚ್ಚಿ ನೋಡಬೇಕು. ಹಿರಿಯರು ತಾವೇ ಬಿಚ್ಚಿದ್ದೆಂದು ಕೆಳಗೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದು ಸಹಿ ಮಾಡಿದರು. ಮಾಲೀಕರು ಎರಡು ಸಲ ಓದಿದರು. "ಇಬ್ರೂ ಸೇರಿ ನನ್ನ ಶೆಡ್ಡಿಗೇ ಬೂದುಗುಂಬಳಕಾಯಿ ಒಡೆದ್ರಿ," ಎಂದರು. ಆದರೆ ತಡೆಯಲಿಲ್ಲ.

ಮೂರು ದಿನದ ಮೇಲೆ ಗಣಿಯಿಂದ ಮತ್ತೆ ಫೋನ್ ಬಂತು. ಐದನೆಯದರಲ್ಲೂ ಏಳನೆಯದರಲ್ಲೂ ತೇವ ಇತ್ತು. ಏಳನೆಯದು ಎಲ್ಲಕ್ಕಿಂತ ಕೆಳಗಿನ ಹಂತದ್ದು. "ಚಲೋ ಟೈಮಿಗೆ ಹೇಳಿದ್ರಿ ಮೇಡಂನೋರ," ಅಂದರು ಮೇಲ್ವಿಚಾರಕರು. ಆ ಮೆಚ್ಚುಗೆಯನ್ನು ನಾನು ಹಾಗೇ ಒಪ್ಪಿಕೊಳ್ಳಬಹುದಿತ್ತು. ಈ ಸಲ ತಿದ್ದಿದೆ. "ಇಲ್ಲ, ಆರು ವಾರ ತಡವಾಗಿ ಹೇಳಿದೆ," ಅಂದೆ. ಆಮೇಲೆ ಅವರು ಹೊಸ ಪೆಟ್ಟಿಗೆ ಯಾವಾಗ ಬರುತ್ತದೆ ಎಂದು ಕೇಳಿದರು.

ಹಿರಿಯರು ಬೊಟ್ಟಿಡುವುದನ್ನು ಬಿಟ್ಟಿಲ್ಲ. ಈಗ ಮುಚ್ಚಳ ಹಾಕುವ ಮುನ್ನ ನನ್ನ ಗಾಜನ್ನು ಬೆರಳಿನಿಂದ ತಟ್ಟುತ್ತಾರೆ. ಗಾಜಿನ ಮೇಲೆ ಸಣ್ಣ ಕೆಂಪು ಗುರುತು ಉಳಿಯುತ್ತದೆ, ಸಂಜೆ ಒರೆಸುತ್ತೇನೆ. "ಇಟ್ಟಾಯ್ತು, ಮುಚ್ಲಾ ಮೇಡಂ?" ಎನ್ನುತ್ತಾರೆ. ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳುವ ತನಕ ಬೋಲ್ಟಿಗೆ ಕೈ ಹಾಕುವುದಿಲ್ಲ.

"ಮುಚ್ಚಿ," ಎನ್ನುತ್ತೇನೆ, ಗಾಜಿನಾಚೆಗೆ ಕೇಳುವಷ್ಟು ಜೋರಾಗಿ.