ಸಭೆಗೆ ಮೊದಲೇ ಟೈಪ್ ಆದ ಠರಾವು

ಗೆಳೆಯರೇ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ನಾನು ಖಾನಾಪುರದ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಇನ್ನೂ ನಡೆಯದ ಗ್ರಾಮಸಭೆಗಳ ಠರಾವುಗಳನ್ನೂ ಟೈಪ್ ಮಾಡಿದ್ದೇನೆ.

ಇಂದು ಅಂಥದೊಂದು ನಮ್ಮೂರಿನ ಸಭೆಗೇ ಬಂತು. ಅದನ್ನು ತಂದ ಬೆಳಗಾವಿಯ ಸರ್ಕಾರಿ ಸಾಹೇಬರು, "ಸಹಿ ಮಾಡ್ರಿ ಅಧ್ಯಕ್ಷರ, ಮ್ಯಾಲಿಂದ ಬಂದೈತಿ" ಎಂದರು.

ಪಂಚಾಯಿತಿ ಅಧ್ಯಕ್ಷೆ ಯಲ್ಲವ್ವ ಕಾಕು ಕುರಿ ಕಾಯುವ ಮನೆತನದವರು. "ಮೊದಲ ಓದ್ರಿ. ಮರಾಠಿಯೊಳಗೂ ಹೇಳ್ರಿ, ಎಲ್ಲಾರಿಗೂ ತಿಳೀಲಿ" ಎಂದರು.

ಸಾಹೇಬರು ಓದಿದರು. ಕಾಗದದ ಪ್ರಕಾರ, ಕುರಿ ಮೇಯುವ ಊರ ಹುಲ್ಲುಗಾವಲಾದ ಗಾಯರಾಣವನ್ನು ಗೋದಾಮಿಗೆ ಕೊಡಲು ಸಭೆ ಸರ್ವಾನುಮತದಿಂದ ಒಪ್ಪಿತ್ತು. ವಂದನಾರ್ಪಣೆಯೂ ಮುಗಿದಿತ್ತು.

"ಚಾ ಇನ್ನೂ ಒಲಿ ಮ್ಯಾಲೈತಿ. ನಾವು ಯಾವಾಗ ಒಪ್ಪಿದ್ವಿರೀ?" ಎಂದರು ಕಾಕು.

"ಈಗಷ್ಟ ಮಂದೀನ ಕೇಳಿ ಬರದದ್ದರೀ" ಎಂದರು ಸಾಹೇಬರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಸುಳ್ಳ ಐತಿ ಕಾಕು. ಹ್ವಾದ ಶನಿವಾರ ನಾನ ಟೈಪ್ ಮಾಡೇನಿ."

ಸಾಹೇಬರು ಬೆವರು ಒರೆಸಿಕೊಂಡರು. "ಮ್ಯಾಲಿನವರಿಗೆ ಏನ್ ಹೇಳ್ಲಿ?"

"ಮ್ಯಾಲಿಂದ ಮಳಿ ಬರ್ಲಿರೀ. ಠರಾವು ಇಲ್ಲಿಂದನ ಹೋಗಬೇಕು" ಎಂದರು ಕಾಕು.

ಒಪ್ಪುವವರು ಕೈ ಎತ್ತಿರೆಂದು ಸಭೆಗೆ ಹೇಳಿದರು. ಗೋದಾಮಿಗೆ ಒಂದು ಕೈಯೂ ಏಳಲಿಲ್ಲ. ಗಾಯರಾಣ ಕೊಡುವುದಿಲ್ಲವೆಂದು ಠರಾವು ಪುಸ್ತಕದಲ್ಲಿ ಬರೆಸಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ನಾನು ಟೈಪ್ ಮಾಡಿದ ಯಾವ ಪುಟಕ್ಕೂ ಆ ಸಹಿಯಷ್ಟು ತೂಕವಿರಲಿಲ್ಲ.

ಸಂಜೆ ಅಂಗಡಿ ಮಾಲೀಕರ ಫೋನ್ ಬಂತು: "ನಾಳಿಂದ ಬರಬ್ಯಾಡಪಾ." ಅದನ್ನೂ ಎಲ್ಲೋ ಸರ್ವಾನುಮತದಿಂದ ಒಪ್ಪಿರಬೇಕು.

ಕೆಲಸ ಹುಡುಕಿಕೊಂಡು ನಾಳೆ ಮೊದಲ ಬಸ್ಸಿಗೆ ಕಾರ್ಖಾನೆಗಳಿರುವ ಮಚ್ಛೆಗೆ ಹೊರಡುತ್ತೇನೆ.